ಜಯದೇವಿಯವರ ಕಲಬೆರಕೆ ಯೋಗ

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಜಾಸ್ತಿ. ಮೂವತ್ತೆರಡು ವರ್ಷ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಟ್ಟವಳಿಗೆ ಇನ್ನೇನು ಜಾಸ್ತಿಯಾಗಬೇಕು? ಜಯನಗರದ ನಮ್ಮ ರಸ್ತೆಯಲ್ಲಿ ಇವತ್ತಿಗೂ ಗೇಟಿಗೆ ಅಡ್ಡ ಗಾಡಿ ನಿಲ್ಲಿಸುವವರು ಇದು ಚೂಡಾಮಣಿ ಮಿಸ್ ಮನೆ ಎಂದು ಗೊತ್ತಾದರೆ ಮುಂದಕ್ಕೆ ಹೋಗಿ ನಿಲ್ಲಿಸುತ್ತಾರೆ. ಆದ್ದರಿಂದ ಜಯದೇವಿಯವರ ಬಗ್ಗೆ ನಾನು ತಣ್ಣಗೆ, ತೂಕವಾಗಿ, ಎರಡೂ ಕಡೆಯ ಮಾತು ಕೇಳಿ ಬರೆಯುತ್ತೇನೆ ಎಂದು ಯಾರೂ ಅಂದುಕೊಳ್ಳಬೇಡಿ. ನಾನು ಒಂದೇ ಕಡೆಯವಳು, ಅದನ್ನು ಮುಚ್ಚಿಡುವ ಆಸೆಯೂ ನನಗಿಲ್ಲ.

ಜಯದೇವಿ ಇರುವುದು ಕತ್ರಿಗುಪ್ಪೆಯಲ್ಲಿ. ವಯಸ್ಸು ಐವತ್ತೆಂಟು, ಎತ್ತರ ಐದಡಿಗೆ ಒಂದಿಂಚು ಕಡಿಮೆ, ದನಿ ಮಾತ್ರ ಕೆಳಗಿನ ಮನೆಯವರೆಗೂ ಕೇಳಿಸುತ್ತದೆ. ಗಂಡ ಗುರುಬಸಪ್ಪನವರದು ಅಲ್ಲೇ ಮೇನ್ ರೋಡಿನಲ್ಲಿ ಸ್ಟೀಲ್ ಪಾತ್ರೆ ಅಂಗಡಿ. ಹದಿನಾಲ್ಕು ವರ್ಷದಿಂದ ತಮ್ಮ ಮನೆಯ ಟೆರೇಸಿನಲ್ಲಿ, ಶೀಟು ಹೊದಿಸಿದ ನೆರಳಲ್ಲಿ, ಬೆಳಿಗ್ಗೆ ಆರೂವರೆಗೆ ಯೋಗ ಹೇಳಿಕೊಡುತ್ತಾರೆ. ಬರುವವರೆಲ್ಲ ನನ್ನಂಥವರೇ: ಮಂಡಿ ಸವೆದವರು, ಸೊಂಟ ಹಿಡಿದವರು, ನೆಲದ ಮೇಲೆ ಕೂತರೆ ಏಳುವುದಕ್ಕೆ ಇನ್ನೊಬ್ಬರ ಕೈ ಬೇಕಾದವರು.

ನನ್ನದು ಬಲಭುಜ. ಫ್ರೋಜನ್ ಶೋಲ್ಡರ್ ಎಂದು ಡಾಕ್ಟರು ಹೆಸರಿಟ್ಟರು, ನಾನು ಅನುಭವಿಸಿದೆ. ತಲೆ ಬಾಚಿಕೊಳ್ಳಲಾಗದು, ರವಿಕೆಯ ತೋಳಿಗೆ ಕೈ ತೂರಿಸಲಾಗದು, ಮೇಲಿನ ಹಲಗೆಯ ಡಬ್ಬ ತೆಗೆದುಕೊಡಿ ಎಂದು ಗಂಡನನ್ನು ಕೂಗಬೇಕು. ಕೂಗಿದರೆ ಅವರು ಪೇಪರ್ ಮಡಿಸಿ, ಕನ್ನಡಕ ತೆಗೆದು, ಎದ್ದು ಬರುವಷ್ಟರಲ್ಲಿ ಒಗ್ಗರಣೆ ಸೀದಿರುತ್ತಿತ್ತು. ಜಯದೇವಿಯವರ ಹತ್ತಿರ ಸೇರಿದ ಐದನೇ ತಿಂಗಳು ಒಂದು ದಿನ ಸಾಸಿವೆ ಡಬ್ಬವನ್ನು ನಾನೇ ತೆಗೆದೆ. ತೆಗೆದು, ಅದನ್ನು ಹಿಡಿದುಕೊಂಡು, ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಅಳುವವಳಲ್ಲ ನಾನು.

ಈ ಕಡೆಯ ಉಳಿದ ಯೋಗದವರು ಅವರ ಕ್ಲಾಸಿಗೆ ಇಟ್ಟ ಹೆಸರು ಕಲಬೆರಕೆ ಯೋಗ. ಹಾಲಿಗೆ ನೀರು ಹಾಕಿದವರನ್ನು, ಮೆಣಸಿನಪುಡಿಗೆ ಇಟ್ಟಿಗೆ ಪುಡಿ ಸೇರಿಸಿದವರನ್ನು ಬೈಯುವ ಮಾತು ಅದು. ಅದನ್ನು ಅವರ ಬೆನ್ನ ಹಿಂದೆ ಅಂದವರೂ ಇದ್ದಾರೆ, ಮುಖದೆದುರೇ ಅಂದವರೂ ಇದ್ದಾರೆ. ಆ ಕಲಬೆರಕೆ ಹೇಗೆ ಹುಟ್ಟಿತು ಎಂದು ಕೇಳುವ ತಾಳ್ಮೆ ಒಬ್ಬರಿಗೂ ಇರಲಿಲ್ಲ.

ಜಯದೇವಿಯವರು ಲಿಂಗಾಯತರು. ಎಂಟನೇ ವಯಸ್ಸಿನಲ್ಲಿ ದೀಕ್ಷೆಯಾದಾಗ ಗುರುಗಳು ಅಂಗೈಗೆ ಕೊಟ್ಟ ಇಷ್ಟಲಿಂಗ, ನೆಲ್ಲಿಕಾಯಿ ಗಾತ್ರದ ಬೆಳ್ಳಿ ಕರಡಿಗೆಯೊಳಗೆ, ದಾರದಲ್ಲಿ ಅವರ ಕೊರಳಿಗೆ ಬಿತ್ತು. ದಿನಾ ಬೆಳಿಗ್ಗೆ ಸ್ನಾನ ಮಾಡಿ ಅದನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಕಣ್ಣೆವೆ ಬಡಿಯದೆ ನೋಡುತ್ತಾ ಪೂಜೆ ಮಾಡುತ್ತಾರೆ. ಪೂಜೆ ಮುಗಿದರೆ ಮತ್ತೆ ಎದೆಯ ಮೇಲೆ. ಐವತ್ತು ವರ್ಷದಲ್ಲಿ ಅದು ಮೈ ಬಿಟ್ಟು ಒಂದು ಗಳಿಗೆ ಇದ್ದದ್ದಿಲ್ಲ. ಮೂರು ಹೆರಿಗೆಗೂ, ಒಂದು ಆಪರೇಷನ್ನಿಗೂ ತೆಗೆಯಲಿಲ್ಲ, ನರ್ಸುಗಳ ಜೊತೆ ಜಗಳವಾಡಿ ತೋಳಿಗೆ ಕಟ್ಟಿಸಿಕೊಂಡರು.

ಯೋಗ ಕಲಿಯಲು ಅವರು ಮೊದಲು ಹೋಗಿದ್ದು ವಿಲ್ಸನ್ ಗಾರ್ಡನ್ನಿನ ಒಬ್ಬ ಮೇಷ್ಟರ ಹತ್ತಿರ. ಒಂದು ಆಸನಕ್ಕೆ ಬಂದರೆ ಹತ್ತು ಉಸಿರು ಅಲ್ಲಾಡದೆ ನಿಲ್ಲಬೇಕು, ಅದು ಅವರ ಪದ್ಧತಿ. ಕಾಲು ಮೇಲಕ್ಕೆತ್ತಿ ಭುಜದ ಮೇಲೆ ನಿಲ್ಲುವ ಸರ್ವಾಂಗಾಸನಕ್ಕೆ ಬಂದಾಗ ಕರಡಿಗೆ ಜಾರಿ ಬಾಯಿ ಮೇಲೆ ಬಿತ್ತು. ಮೇಷ್ಟರು ತೆಗೆದಿಟ್ಟು ಮಾಡಮ್ಮ ಎಂದರು. ಇವರು ತೆಗೆಯಲಿಲ್ಲ, ಗೋಡೆಗೆ ಕಾಲು ಒರಗಿಸಿ ಮಲಗಿದರು. ಅದು ಆಸನವಲ್ಲ ಸೋಮಾರಿತನ ಎಂದು ಮೇಷ್ಟರು ಮೂರು ವರ್ಷ ಬೈದರು, ಇವರು ಮೂರು ವರ್ಷ ಗೋಡೆಗೆ ಒರಗಿದರು. ಆಮೇಲೆ ಜಯನಗರದಲ್ಲಿ ಹಗ್ಗ, ಬೆಲ್ಟು, ಕುರ್ಚಿ ಇಟ್ಟು ಕಲಿಸುವ ಇನ್ನೊಂದು ಶಾಲೆ. ಅಲ್ಲಿ ಗೋಡೆಗೆ ಮರ್ಯಾದೆ ಇತ್ತು, ಆದರೆ ಹಗ್ಗಕ್ಕೆ ಸಿಕ್ಕಿಕೊಳ್ಳುತ್ತದೆ ಅದನ್ನು ಬಿಚ್ಚಿ ಎಂದರು. ಬಿಚ್ಚಲಿಲ್ಲ. ಹಗ್ಗದ ಬದಲು ಬೆಲ್ಟನ್ನು ತೋಳಿಗೆ ಮಾತ್ರ ಹಾಕಿಕೊಂಡು ಮಾಡುವುದನ್ನು ತಾವೇ ಕಂಡುಕೊಂಡರು. ಕೊನೆಗೆ ಜೆ.ಪಿ. ನಗರದಲ್ಲಿ ಉಸಿರಿಗೊಂದು ಹೆಜ್ಜೆಯಂತೆ ಸರಸರ ಮಾಡಿಸುವ ವಿನ್ಯಾಸ ಕ್ಲಾಸು. ಬಗ್ಗಿದಾಗಲೆಲ್ಲ ಕರಡಿಗೆ ಗದ್ದಕ್ಕೆ ಬಡಿಯುತ್ತದೆ, ಇಂಜುರಿ ಆಗುತ್ತೆ ಆಂಟಿ, ರಿಮೂವ್ ಮಾಡಿ ಎಂದಳು ಅಲ್ಲಿಯ ಹುಡುಗಿ. ಇವರು ರಿಮೂವ್ ಮಾಡಲಿಲ್ಲ. ಕುರ್ಚಿಯ ಮೇಲೆ ಕೂತೇ ಆ ಚಲನೆಯನ್ನೆಲ್ಲ ಮಾಡಿ ತೋರಿಸಿದರು.

ಮೂರೂ ಕಡೆ ಒಂದೇ ಜಗಳ, ಮೂರೂ ಕಡೆಯಿಂದ ಕಟ್ಟಿಕೊಂಡು ಬಂದದ್ದು ಒಂದೊಂದು ಗಂಟು ವಿದ್ಯೆ. ಮೊದಲು ಕುರ್ಚಿಯಲ್ಲಿ ಕೂತು ಉಸಿರಿನ ಜೊತೆ ಕೈಕಾಲು ಆಡಿಸುವುದು, ಆಮೇಲೆ ಗೋಡೆ ಹಿಡಿದು, ಬೆಲ್ಟು ಹಾಕಿ, ಪ್ರತಿಯೊಂದರಲ್ಲೂ ಹತ್ತು ಉಸಿರು ನಿಲ್ಲುವುದು, ಆಮೇಲೆ ಕುರ್ಚಿಯ ಮೇಲೆ ಕಾಲಿಟ್ಟು ನೆಲಕ್ಕೆ ಬೆನ್ನು ಕೊಡುವುದು. ಕುರ್ಚಿಯೆಂದರೆ ಮದುವೆ ಮನೆಯ ಮಡಿಸುವ ಕುರ್ಚಿ, ಗುರುಬಸಪ್ಪನವರು ವೆಲ್ಡಿಂಗ್ ಅಂಗಡಿಯಲ್ಲಿ ಒರಗು ಕತ್ತರಿಸಿ ತಂದುಕೊಟ್ಟದ್ದು. ಕೊನೆಯಲ್ಲಿ ನೇರ ಕೂತು ಎಡಗೈ ಎದೆಯ ಎತ್ತರಕ್ಕೆ ತಂದು, ನಮ್ಮ ಅಂಗೈಯನ್ನೇ ನಾವು ನೋಡುತ್ತಾ ಹತ್ತು ನಿಮಿಷ. ಅಂಗೈಯಲ್ಲಿ ಏನೂ ಇರುವುದಿಲ್ಲ. ನಮಗೂ ಒಂದೊಂದು ಲಿಂಗ ಕೊಟ್ಟುಬಿಡಿ ಎಂದು ಒಮ್ಮೆ ಯಾರೋ ತಮಾಷೆ ಮಾಡಿದಾಗ, ಅದನ್ನು ಕೊಡುವವರು ಗುರುಗಳು, ತಾನು ಬರೀ ಯೋಗ ಟೀಚರು ಎಂದು ಗಂಭೀರವಾಗಿಯೇ ಹೇಳಿದ್ದರು.

ಈ ಟೆರೇಸಿಗೆ ಬನಶಂಕರಿಯ ಮೀನಾಕ್ಷಮ್ಮ ಎಂಬುವರು ಬರುತ್ತಾರೆ, ಅವರೂ ಲಿಂಗಾಯತರೇ. ಅವರನ್ನು ಕಾರಿನಲ್ಲಿ ತಂದು ಬಿಡುತ್ತಿದ್ದವನು ಮಗ ಸುಮನ್. ಮೂವತ್ತೆಂಟು ವರ್ಷ, ಇಸ್ತ್ರಿ ಮುರಿಯದ ಲಿನನ್ ಅಂಗಿ, ಮಾತೆಲ್ಲ ಬೆಣ್ಣೆ. ಮೊದಲು ಜಿಮ್ಮುಗಳಿಗೆ ಮಷೀನು ಮಾರುತ್ತಿದ್ದ. ಈಗ ವಸಂತಪುರ ದಾಟಿ ಕನಕಪುರ ರಸ್ತೆಯಿಂದ ಒಳಗೆ ಹೋದರೆ ‘ನಿರಾಳ’ ಎಂಬ ವೆಲ್‌ನೆಸ್ ರಿಟ್ರೀಟ್ ನಡೆಸುತ್ತಾನೆ. ದುಡ್ಡಿದ್ದವರು ಐದು ದಿನ ಬಂದು ತಂಗಿ, ಉಪ್ಪಿಲ್ಲದ ಸೂಪು ಕುಡಿದು, ಯೋಗ ಮಾಡಿ ಹೋಗುವ ಜಾಗ. ಅಲ್ಲಿ ಅವನು ಐದು ದಿನಕ್ಕೆ ಐದು ಶೈಲಿ ಎಂದು ಐದು ಜನ ಟೀಚರುಗಳನ್ನು ಇಟ್ಟಿದ್ದನಂತೆ. ಸೋಮವಾರದವರು ಬೆನ್ನು ಬಗ್ಗಿಸಬೇಡಿ ಎಂದರೆ ಮಂಗಳವಾರದವರು ಬಗ್ಗಿಸಿ ಎನ್ನುವರು. ಬಂದವರು ಬೆನ್ನು ಹಿಡಿಸಿಕೊಂಡು ಹೋಗಿ ಇಂಟರ್ನೆಟ್ಟಿನಲ್ಲಿ ಬೈದು ಬರೆಯುವರು. ಅಮ್ಮ ಯಾರ ಕೈಯೂ ಹಿಡಿಯದೆ ಮೆಟ್ಟಿಲು ಹತ್ತುವುದನ್ನು ನೋಡಿ ಸುಮನ್‌ಗೆ ಜ್ಞಾನೋದಯವಾಯಿತು. ಶೈಲಿಗಳನ್ನು ಕೂಡಿಸಿದವರು ಇಲ್ಲಿದ್ದಾರೆ, ತಾನು ಬರೀ ಗುಡ್ಡೆ ಹಾಕಿದ್ದು ಎಂದು ಗೊತ್ತಾಯಿತು.

ಅವನು ಕೇಳಿದ್ದು ಚೆನ್ನಾಗಿಯೇ ಕೇಳಿದ. ರಿಟ್ರೀಟಿನ ಬೆಳಗಿನ ಕ್ಲಾಸು ಇನ್ನು ಮೇಲೆ ಜಯದೇವಿಯವರದೇ. ಹಾಲಿನ ಬಾಗಿಲ ಮೇಲೆ ‘ಜಯದೇವಿ ಕ್ರಮ’ ಎಂದು ಬೋರ್ಡು. ಅವನು ಹೋದ ಮೇಲೆ ಜಯದೇವಿ ಚಾಪೆ ಸುತ್ತುತ್ತಾ, ನನ್ನ ಕಡೆ ನೋಡದೆ, ‘ಬೋರ್ಡು ಹಾಕ್ತಾರಂತೆ ಮಿಸ್’ ಎಂದರು. ಅವರ ಕಿವಿ ಕೆಂಪಗಾಗಿತ್ತು. ಹದಿನಾಲ್ಕು ವರ್ಷ ಕಲಬೆರಕೆ ಎನ್ನಿಸಿಕೊಂಡ ಹೆಂಗಸಿಗೆ ತಾನು ಕೂಡಿಸಿದ್ದಕ್ಕೆ ಒಂದು ಹೆಸರು, ಅದನ್ನು ಕಲಿಸಲು ಒಂದು ಸರಿಯಾದ ಹಾಲು. ಅದು ಬೇಕು ಎಂದು ಅವರಿಗೆ ಎಷ್ಟು ಆಸೆಯಿತ್ತೆಂದು ನನಗೆ ಅವತ್ತು ಗೊತ್ತಾಯಿತು. ನನಗೂ ಖುಷಿಯಾಗಿ ದಾರಿಯಲ್ಲಿ ಅರ್ಧ ಕಿಲೋ ಮೈಸೂರು ಪಾಕು ಕೊಂಡೆ.

ಎರಡು ತಿಂಗಳು ತಯಾರಿ ನಡೆಯಿತು. ರಿಟ್ರೀಟಿನಲ್ಲಿ ಕೆಲಸಕ್ಕಿದ್ದ ಪ್ರೇರಣಾ ಎಂಬ ಇಪ್ಪತ್ತನಾಲ್ಕರ ಹುಡುಗಿ ಟೆರೇಸಿಗೆ ಬಂದು ಇಡೀ ಕ್ರಮವನ್ನು ಕಲಿತಳು, ವಿಡಿಯೋ ಮಾಡಿಕೊಂಡಳು. ಒಳ್ಳೆಯ ಹುಡುಗಿ, ಬರೆದುಕೊಳ್ಳುತ್ತಿದ್ದಳು, ಬರೆದುಕೊಳ್ಳುವ ಮಕ್ಕಳನ್ನು ಕಂಡರೆ ನನಗೆ ಇಷ್ಟ. ಮೊದಲ ಶಿಬಿರಕ್ಕೆ ಒಂದು ವಾರವಿದೆ ಎನ್ನುವಾಗ ಸುಮನ್ ವಾಟ್ಸಾಪಿನಲ್ಲಿ ಪೋಸ್ಟರ್ ಕಳಿಸಿದ. ಜಯದೇವಿ ಕುರ್ಚಿಯ ಮೇಲೆ ಕೂತು ಎರಡೂ ಕೈ ಮೇಲೆತ್ತಿದ ಫೋಟೋ. ಸಖತ್ತಾಗಿ ಬಂದಿತ್ತು. ನಾವೆಲ್ಲ ಟೆರೇಸಿನಲ್ಲಿ ಒಬ್ಬರ ಫೋನಿಗೆ ಒಬ್ಬರು ಇಣುಕಿ ಚೆನ್ನಾಗಿದೆ ಚೆನ್ನಾಗಿದೆ ಎನ್ನುತ್ತಿದ್ದೆವು. ಜಯದೇವಿ ಎರಡು ಬೆರಳಲ್ಲಿ ಫೋಟೋವನ್ನು ದೊಡ್ಡದು ಮಾಡಿದರು, ಇನ್ನೂ ದೊಡ್ಡದು ಮಾಡಿದರು. ಕೊರಳು ಬೋಳಾಗಿತ್ತು. ದಾರವೂ ಇಲ್ಲ, ಕರಡಿಗೆಯೂ ಇಲ್ಲ. ಇದ್ದದ್ದನ್ನು ಕಂಪ್ಯೂಟರಿನಲ್ಲಿ ಒರೆಸಿ ಹಾಕಿದ್ದರು.

ಹೋಗಲಿ ಬಿಡಿ, ಫೋಟೋ ತಾನೇ, ಎಂದೆ ನಾನು. ಜಯದೇವಿ ಫೋನು ಕೆಳಗಿಟ್ಟರು.

‘ನಮ್ಮಲ್ಲಿ ಸತ್ತವರನ್ನ ಮಣ್ಣು ಮಾಡೋವಾಗ್ಲೂ ಅದನ್ನ ತೆಗೆಯಲ್ಲ ಮಿಸ್. ಎಡಗೈಲಿ ಇಟ್ಟೇ ಕೂರಿಸ್ತಾರೆ. ಹೆಣದ ಮೈಯಿಂದ ತೆಗೀದೇ ಇರೋದನ್ನ ಬದುಕಿರೋಳ ಕತ್ತಿಂದ ತೆಗೆದಿದಾನೆ.’

ಮೀನಾಕ್ಷಮ್ಮ ತಮ್ಮ ಮಂಡಿ ನೀವಿಕೊಳ್ಳುತ್ತಾ ನೆಲ ನೋಡುತ್ತಿದ್ದರು, ಪಾಪ ಅವರೇನು ಮಾಡಿಯಾರು.

ಸುಮನ್‌ಗೆ ಫೋನು ಮಾಡಿದರು. ಸ್ಪೀಕರ್ ಹಾಕಿಸಿದ್ದು ನಾನು. ಅವನು ಒಂದು ಚೂರೂ ದನಿ ಏರಿಸಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಮೈ ಉರಿಯಿತು. ಡಿಸೈನರ್ ಹುಡುಗ ಕ್ಲೀನ್ ಮಾಡಿದ್ದಂತೆ. ಕ್ಲೀನ್, ಅದೇ ಅವನ ಮಾತು. ರಿಟ್ರೀಟಿಗೆ ಎಲ್ಲ ಧರ್ಮದವರೂ ಬರುತ್ತಾರೆ, ಟೀಚರುಗಳ ಮೈಮೇಲೆ ಧಾರ್ಮಿಕ ಚಿಹ್ನೆ ಬೇಡವೆಂದು ಪಾಲಿಸಿಯಿದೆ, ಮೊದಲ ದಿನ ವಿಡಿಯೋದವರು ಬರುತ್ತಾರೆ, ಕ್ಲಾಸಿನ ಒಂದೂವರೆ ಗಂಟೆ ತೆಗೆದಿಟ್ಟು ಆಮೇಲೆ ಹಾಕಿಕೊಳ್ಳಿ ಎಂದ. ಅಲ್ಲಿಗೇ ನಿಲ್ಲಿಸಿದ್ದರೆ ಮನುಷ್ಯ ಅನ್ನುತ್ತಿದ್ದೆ. ಕೊನೆಯ ಹತ್ತು ನಿಮಿಷ ಬರೀ ಅಂಗೈ ನೋಡುವುದು ಗೆಸ್ಟುಗಳಿಗೆ ಬೋರ್ ಆಗಬಹುದು, ಅದಕ್ಕೆ ಕರೀ ಕಲ್ಲು ಪಾಲಿಶ್ ಮಾಡಿಸಿ ಮೂವತ್ತು ತರಿಸಿದ್ದೇನೆ, ಒಬ್ಬೊಬ್ಬರ ಕೈಗೆ ಒಂದೊಂದು, ಹೆಸರು ಶಿವಯೋಗ ಪಾಮ್ ಮೆಡಿಟೇಶನ್ ಎಂದೂ ಹೇಳಿದ. ಇರುವವರ ಕೊರಳಿನಿಂದ ತೆಗೆಸಿ ಇಲ್ಲದವರ ಕೈಗೆ ಹಂಚುವ ಈ ಲೆಕ್ಕ ನನ್ನ ಮೂವತ್ತೆರಡು ವರ್ಷದಲ್ಲಿ ಯಾವ ಸಿಲಬಸ್ಸಿನಲ್ಲೂ ನನಗೆ ಸಿಕ್ಕಿರಲಿಲ್ಲ. ಒಪ್ಪದಿದ್ದರೆ ಏನು ಎಂದು ಜಯದೇವಿ ಕೇಳಿದರು. ಬೇಜಾರಿಲ್ಲ ಮೇಡಂ, ಪ್ರೇರಣಾಗೆ ಎಲ್ಲ ಬರುತ್ತಲ್ಲ, ಅವಳು ತೆಗೆದುಕೊಳ್ಳುತ್ತಾಳೆ, ಬೋರ್ಡಿನಲ್ಲಿ ‘ನಿರಾಳ ಫ್ಯೂಷನ್’ ಅಂತ ಹಾಕಿಸಿಬಿಡ್ತೀನಿ ಎಂದ.

ಈಗ ನನ್ನ ತಪ್ಪಿನ ಸರದಿ. ಅದನ್ನು ಬಿಟ್ಟು ಬರೆದರೆ ನನಗೆ ನಿದ್ದೆ ಬರುವುದಿಲ್ಲ.

ಎರಡು ದಿನ ಜಯದೇವಿಯವರ ಮುಖ ನೋಡಲಾಗುತ್ತಿರಲಿಲ್ಲ. ಕ್ಲಾಸಿನ ನಡುವೆ ಲೆಕ್ಕ ತಪ್ಪಿ ಒಂಬತ್ತು ಉಸಿರಿಗೇ ನಿಲ್ಲಿಸುತ್ತಿದ್ದರು. ಇಷ್ಟು ಆಸೆಪಟ್ಟದ್ದು ಕೈತಪ್ಪಿ ಹೋಗುವುದನ್ನು ನನಗೆ ನೋಡಿಕೊಂಡು ಕೂರಲಾಗಲಿಲ್ಲ. ಮೂರನೇ ದಿನ ಎಲ್ಲರೂ ಇಳಿದು ಹೋದ ಮೇಲೆ ನಾನು ಉಪಾಯ ಹೇಳಿದೆ. ಹೇಗೂ ಭುಜದ ಡೆಮೋಗೆ ನನ್ನನ್ನು ಕರೆದುಕೊಂಡು ಹೋಗುತ್ತೀರಲ್ಲ, ಕ್ಲಾಸಿನ ಹೊತ್ತಿಗೆ ಬಿಚ್ಚಿ ನನ್ನ ಕೈಗೆ ಕೊಡಿ, ನನ್ನ ಪರ್ಸಿನಲ್ಲಿ ಜಿಪ್ಪು ಹಾಕಿ ಮಡಿಲಲ್ಲಿಟ್ಟುಕೊಂಡೇ ಕೂತಿರುತ್ತೇನೆ ಎಂದೆ. ಮದುವೆ ಮನೆಗಳಲ್ಲಿ ಎಷ್ಟು ಜನರ ಸರ, ಬಳೆ ಹಾಗೆ ಕಾದಿಲ್ಲ ನಾನು! ನಮ್ಮ ಮನೆತನ ಬೇರೆ, ಪದ್ಧತಿ ಬೇರೆ. ನನ್ನ ಕಣ್ಣಿಗೆ ಅದು ಪೂಜ್ಯವಾದ ಒಂದು ಲಾಕೆಟ್ಟು, ಅಷ್ಟೆ.

ಜಯದೇವಿ ಕುರ್ಚಿಗಳನ್ನು ಮಡಿಸಿ ಗೋಡೆಗೆ ಒರಗಿಸಿದರು. ಎಲ್ಲ ಮುಗಿದ ಮೇಲೆ, ನಾಳೆ ಕ್ಲಾಸಿಲ್ಲ, ನೀವು ಮನೆಗೆ ಹೋಗಿ ಎಂದರು. ನನಗೆ ಹಾಗೆ ಹೇಳಿದವರು ಇಲ್ಲಿಯವರೆಗೆ ಯಾರೂ ಇರಲಿಲ್ಲ. ಮೆಟ್ಟಿಲಿಳಿದು ಉರಿದುಕೊಂಡೇ ಮೇನ್ ರೋಡಿಗೆ ಬಂದೆ, ಪಾತ್ರೆ ಅಂಗಡಿಗೆ ನುಗ್ಗಿ ಗುರುಬಸಪ್ಪನವರಿಗೆ ದೂರು ಹೇಳಿದೆ. ಅವರು ಇಡ್ಲಿ ಕುಕ್ಕರ್ ಒರೆಸುತ್ತಿದ್ದವರು ಕೈ ನಿಲ್ಲಿಸಿದರು. ಬಹಳ ಮೆಲ್ಲಗೆ, ನನಗೆ ನೋವಾಗದ ಹಾಗೆ ವಿವರಿಸಿದರು. ಕಟ್ಟಿಕೊಂಡ ಗಂಡನಾದ ತಾನೇ ಇವತ್ತಿನವರೆಗೂ ಅದನ್ನು ಮುಟ್ಟಿಲ್ಲವಂತೆ. ಅವರವರದು ಅವರವರಿಗೆ, ಇನ್ನೊಬ್ಬರು ಹಿಡಿಯುವ ವಸ್ತುವಲ್ಲ ಅದು. ನಾನು ಅದನ್ನು ಮೆಟ್ರೋ ಕಾರ್ಡು, ವಿಕ್ಸ್ ಡಬ್ಬಿ, ಸುಣ್ಣದ ಕಲೆಯಾದ ಕರ್ಚೀಫಿನ ಜೊತೆ ಇಟ್ಟುಕೊಳ್ಳುತ್ತೇನೆ ಎಂದಿದ್ದೆ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

ವಾಪಸ್ಸು ಮೆಟ್ಟಿಲು ಹತ್ತಿದೆ. ತಪ್ಪಾಯಿತು ಎಂದು ಹೇಳಿ ಅಭ್ಯಾಸವಿಲ್ಲದವಳು, ಮೂರನೇ ಪ್ರಯತ್ನಕ್ಕೆ ಹೇಳಿದೆ. ಜಯದೇವಿ ನನ್ನನ್ನು ಕೂರಿಸಿ ನೀರು ಕೊಟ್ಟರು.

‘ಬಿಡಿ ಮಿಸ್. ನೀವು ಗೊತ್ತಿಲ್ದೆ ಕೇಳಿದ್ರಿ. ಅವನು ಗೊತ್ತಿದ್ದೂ ಕೇಳ್ದೆ ಅಳಿಸ್ದ.’

ಹಾಗಾದರೆ ಹೋಗುವುದಿಲ್ಲವೇ ಎಂದೆ. ಯಾಕೆ ಹೋಗಲ್ಲ, ಕ್ಲಾಸು ನಂದು ಎಂದರು. ಸುಮನ್‌ಗೆ ಒಪ್ಪಿದೆನೆಂದೂ ಅವರು ಹೇಳಿರಲಿಲ್ಲ, ಒಲ್ಲೆನೆಂದೂ ಹೇಳಿರಲಿಲ್ಲ.

ಬುಧವಾರ ಬೆಳಿಗ್ಗೆ ಬನಶಂಕರಿಯಲ್ಲಿ ಮೊದಲ ಮೆಟ್ರೋ ಹಿಡಿದು, ಕನಕಪುರ ರಸ್ತೆಯಲ್ಲಿಳಿದು, ಆಟೋ ಮಾಡಿಕೊಂಡು ನಿರಾಳ ತಲುಪಿದೆವು. ಗೇಟಿನ ಪಕ್ಕದಲ್ಲೇ ಅವರದೇ ಆಳೆತ್ತರದ ಕಟೌಟು, ಎರಡೂ ಕೈ ಮೇಲೆತ್ತಿಕೊಂಡು, ಬೋಳು ಕೊರಳಲ್ಲಿ. ಜಯದೇವಿ ಆಟೋದವನಿಗೆ ದುಡ್ಡು ಕೊಟ್ಟು, ಚೀಲದಿಂದ ಅಂಗಡಿಯ ಕಪ್ಪು ಮಾರ್ಕರ್ ತೆಗೆದರು. ನನಗೆ ಒಂದು ಮಾತೂ ಹೇಳಿರಲಿಲ್ಲ. ಕಟೌಟಿನ ಕತ್ತಿನ ಎರಡೂ ಕಡೆಯಿಂದ ಎದೆಯವರೆಗೆ ದಪ್ಪ ಗೆರೆ ಎಳೆಯತೊಡಗಿದರು.

ಸೆಕ್ಯುರಿಟಿಯ ಚಿಕ್ಕಬೈರಪ್ಪ ಓಡಿ ಬಂದ. ಅರವತ್ತರ ಹತ್ತಿರದ ಆಸಾಮಿ, ಯೂನಿಫಾರ್ಮು ಅವನಿಗಿಂತ ಎರಡು ಸೈಜು ದೊಡ್ಡದು. ಏನ್ ಮೇಡಂ ಇದು ಎಂದ.

‘ಇದು ನನ್ನ ಫೋಟೋ ಅಣ್ಣ. ತಪ್ಪು ಬಂದಿತ್ತು. ಸರಿ ಮಾಡ್ತಿದೀನಿ.’

ಅವನು ಕಟೌಟು ನೋಡಿದ, ಅವರನ್ನು ನೋಡಿದ, ಅವರ ಎದೆಯ ಮೇಲಿದ್ದ ಕರಡಿಗೆ ನೋಡಿದ. ಗಾಳಿಗೆ ಕಟೌಟು ಅಲ್ಲಾಡುತ್ತಿತ್ತು. ಅವನು ಹಿಂದೆ ಹೋಗಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಜಯದೇವಿ ನಿಧಾನವಾಗಿ, ಗೆರೆ ಸೊಟ್ಟಗಾಗದಂತೆ, ಕೆಳಗೆ ಗುಂಡಗೆ ಬರೆದು ಮುಗಿಸಿದರು. ನಾನು ಚಪ್ಪಾಳೆ ತಟ್ಟುವುದೊಂದು ಬಾಕಿ.

ಹಾಲಿನಲ್ಲಿ ಇಪ್ಪತ್ತೆರಡು ಜನ. ಮುಂಬೈಯವರು, ಪುಣೆಯವರು, ಇಬ್ಬರು ಜರ್ಮನಿಯವರು, ನಮ್ಮದೇ ಬಿ.ಟಿ.ಎಂ. ಲೇಔಟಿನ ಒಂದು ಜೋಡಿ. ಒರಗಿಲ್ಲದ ಕುರ್ಚಿಗಳು ಸಾಲಾಗಿದ್ದವು. ಬಾಗಿಲ ಮೇಲೆ ಇನ್ನೂ ಯಾವ ಬೋರ್ಡೂ ಇರಲಿಲ್ಲ. ಕ್ಯಾಮೆರಾದವನು ಮೂಲೆಯಲ್ಲಿ ನಿಂತಿದ್ದ, ಅವನ ಪಕ್ಕದಲ್ಲಿ ಸುಮನ್. ಜಯದೇವಿ ರಿಟ್ರೀಟಿನ ಬಿಳಿ ಟೀ ಶರಟನ್ನೇ ಹಾಕಿಕೊಂಡಿದ್ದರು, ಅದರ ಮೇಲೆ, ಎಲ್ಲರಿಗೂ ಕಾಣುವಂತೆ, ಕರಡಿಗೆ. ಸುಮನ್ ನಗುನಗುತ್ತಲೇ ತನ್ನ ಕತ್ತಿನ ಹತ್ತಿರ ಬೆರಳಾಡಿಸಿ ಸನ್ನೆ ಮಾಡಿದ. ಜಯದೇವಿ ಅದನ್ನು ನೋಡಿ, ನೋಡಿದ್ದೇನೆ ಎಂದು ಅವನಿಗೆ ಗೊತ್ತಾಗುವಷ್ಟು ಹೊತ್ತು ನೋಡಿ, ಗೆಸ್ಟುಗಳ ಕಡೆ ತಿರುಗಿ ಕುರ್ಚಿಯಲ್ಲಿ ಕೂತರು. ಅಷ್ಟು ಜನರ ಮುಂದೆ ಅವನೇನು ಮಾಡಿಯಾನು?

ಆ ಒಂದೂವರೆ ಗಂಟೆ ಅವರು ಕಲಿಸಿದ್ದನ್ನು ನೀವು ನೋಡಬೇಕಿತ್ತು. ಅವರ ಇಂಗ್ಲಿಷು ಅಷ್ಟಕ್ಕಷ್ಟೆ, ಸಾಲದ ಕಡೆ ಕನ್ನಡ. ಜರ್ಮನಿಯ ಮುದುಕನಿಗೆ ‘ಭುಜ ಕೆಳಗೆ, ಭುಜ ಕೆಳಗೆ’ ಎಂದರೆ ಅವನು ಇಳಿಸುತ್ತಿದ್ದ. ನನ್ನ ಬಲಗೈಯನ್ನು ಬೆಲ್ಟಿನಲ್ಲಿ ಮೇಲೆತ್ತಿಸಿ ತೋರಿಸಿದಾಗ ಇಡೀ ಹಾಲು ನನ್ನನ್ನೇ ನೋಡಿತು, ನಾನು ಇನ್ನೂ ಎರಡಿಂಚು ಎತ್ತಿದೆ. ಕುರ್ಚಿಯಿಂದ ಗೋಡೆಗೆ, ಗೋಡೆಯಿಂದ ನೆಲಕ್ಕೆ, ಎಲ್ಲಿ ಒಂದು ಪದ್ಧತಿ ಮುಗಿದು ಇನ್ನೊಂದು ಶುರುವಾಯಿತೆಂದು ಬಂದವರಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಇದನ್ನು ಕಲಬೆರಕೆ ಎಂದವರನ್ನು ಅಲ್ಲಿ ತಂದು ನಿಲ್ಲಿಸಬೇಕೆಂದು ನನ್ನ ಕೈ ತುರಿಸುತ್ತಿತ್ತು.

ಕೊನೆಯಲ್ಲಿ ಎಲ್ಲರೂ ನೇರ ಕೂತಾಗ ಪ್ರೇರಣಾ ತಟ್ಟೆ ಹಿಡಿದು ಬಂದಳು. ತಟ್ಟೆಯ ತುಂಬ ಫಳಫಳ ಕರೀ ಕಲ್ಲು. ಅವಳಿಗೂ ಇದು ಬೇಡವಾಗಿತ್ತು ಎಂದು ಕಾಣುತ್ತಿತ್ತು. ಜಯದೇವಿ ತಟ್ಟೆಯನ್ನು ಹೊರಗೆ ಇಟ್ಟು ಬಾ ಮಗಳೇ ಎಂದರು. ಅವಳು ಸುಮನ್ ಕಡೆ ನೋಡಿದಳು. ಆಮೇಲೆ ಹೊರಗೆ ಹೋಗಿ ಇಟ್ಟು ಬಂದು, ತಾನೂ ಕೊನೆಯ ಸಾಲಿನಲ್ಲಿ ಕೂತಳು.

‘ಎಂಪ್ಟಿ ಹ್ಯಾಂಡ್,’ ಎಂದರು ಜಯದೇವಿ, ಎಡಗೈ ಎದೆಯ ಮುಂದೆ ತಂದು. ‘ಓನ್ಲಿ ಯುವರ್ ಹ್ಯಾಂಡ್. ಲುಕ್.’

ಮುಂದಿನ ಸಾಲಿನ ಮುಂಬೈ ಹೆಂಗಸು, ನಿಮ್ಮ ಕೊರಳಲ್ಲಿರುವುದು ಏನು ಎಂದು ಇಂಗ್ಲಿಷಿನಲ್ಲಿ ಕೇಳಿದಳು, ಅದರೊಳಗಿನದನ್ನು ತೋರಿಸಬಹುದೇ ಎಂದಳು. ಇದು ನನ್ನದು, ಕೊಡುವುದಕ್ಕೂ ತೋರಿಸುವುದಕ್ಕೂ ಬರುವುದಿಲ್ಲ, ನಿಮ್ಮದು ನಿಮ್ಮ ಕೈಯಲ್ಲಿದೆ ನೋಡಿ ಎಂದು ಜಯದೇವಿ ಹೇಳಿದ್ದನ್ನು ನಾನೇ ಇಂಗ್ಲಿಷಿಗೆ ಮಾಡಿ ಹೇಳಿದೆ. ಹತ್ತು ನಿಮಿಷ ಇಪ್ಪತ್ತೆರಡು ಜನ ಖಾಲಿ ಅಂಗೈ ನೋಡುತ್ತಾ ಕೂತರು. ಬೋರಾಗಿ ಎದ್ದವರು ಒಬ್ಬರೂ ಇಲ್ಲ. ಬಿ.ಟಿ.ಎಂ.ನ ಹುಡುಗನ ಕಣ್ಣಲ್ಲಿ ನೀರಿತ್ತು, ಯಾಕೆಂದು ನಾನು ಕೇಳಲಿಲ್ಲ. ನಿಲ್ಲಿಸು ಎಂದು ಯಾರೂ ಹೇಳದ ಕಾರಣ ಕ್ಯಾಮೆರಾದವನು ಎಲ್ಲವನ್ನೂ ತೆಗೆಯುತ್ತಲೇ ಇದ್ದ.

ಕ್ಲಾಸು ಮುಗಿದು ಎಲ್ಲರೂ ಸೂಪು ಕುಡಿಯಲು ಹೋದ ಮೇಲೆ ಸುಮನ್ ನಮ್ಮನ್ನು ಆಫೀಸಿನ ವೆರಾಂಡಕ್ಕೆ ಕರೆದ. ಈಗಲೂ ದನಿ ಏರಲಿಲ್ಲ. ಕ್ಲಾಸು ಬ್ಯೂಟಿಫುಲ್ ಆಗಿತ್ತು ಮೇಡಂ, ಆದರೆ ಪಾಲಿಸಿ ಪಾಲಿಸಿಯೇ, ಕಟೌಟು ಬೇರೆ ಹಾಳಾಗಿದೆ, ನಾಳೆಯಿಂದ ಪ್ರೇರಣಾ ತೆಗೆದುಕೊಳ್ಳುತ್ತಾಳೆ, ನಿಮಗೆ ಕ್ಯಾಬ್ ಹೇಳಿದ್ದೇನೆ ಎಂದ. ನನ್ನ ಬಾಯಿ ತೆರೆದಿತ್ತು. ಅವನ ವಂಶದ ಹಿಂದು ಮುಂದೆಲ್ಲ ಜಾಲಾಡುವುದಕ್ಕೆ ನಾನು ಸಿದ್ಧಳಾಗಿದ್ದೆ. ಜಯದೇವಿ ನನ್ನ ಮೊಣಕೈ ಹಿಡಿದು ಸುಮ್ಮನಾಗಿಸಿದರು.

ಅಲ್ಲಿಯವರೆಗೂ ಅವನನ್ನು ನೀವು, ತಾವು ಎನ್ನುತ್ತಿದ್ದವರು ಆಗ ಒಂದೇ ಸಲಕ್ಕೆ ಏಕವಚನಕ್ಕಿಳಿದರು. ಮನೆಯ ಹುಡುಗನನ್ನು ಕೇಳುವ ಹಾಗೆ ಕೇಳಿದರು.

‘ಸುಮನ್, ನಿಂದು ಎಲ್ಲಿದೆಯಪ್ಪಾ?’

ಅವನಿಗೆ ತಕ್ಷಣ ಅರ್ಥವಾಯಿತು. ಕೈ ತಾನಾಗಿಯೇ ಅಂಗಿಯ ಎರಡನೇ ಗುಂಡಿಯ ಹತ್ತಿರ ಹೋಗಿ, ಅಲ್ಲಿ ಏನೂ ಸಿಗದೆ, ಹಾಗೇ ನಿಂತಿತು.

‘ಮನೇಲಿದೆ ಆಂಟಿ,’ ಎಂದ. ಮೇಡಂ ಹೋಗಿ ಆಂಟಿ ಬಂದಿತ್ತು. ‘ದೇವರ ಮನೇಲಿ. ಸೇಫಾಗಿದೆ.’

‘ಸರಿ. ನಾನು ನಾಳೆ ಆರೂವರೆಗೆ ಬರ್ತೀನಿ. ಕ್ಲಾಸು ಬೇಡ ಅಂದ್ರೆ ಗೇಟ್ ಹತ್ರ ಬಂದು ಹೇಳು, ವಾಪಸ್ ಹೋಗ್ತೀನಿ. ಆದ್ರೆ ನೀನೇ ಬರ್ಬೇಕು, ಪ್ರೇರಣಾನ ಕಳಿಸ್ಬೇಡ, ಚಿಕ್ಕಬೈರಪ್ಪನ ಕೈಲಿ ಹೇಳಿಸ್ಬೇಡ. ಬರೋವಾಗ ನಿಂದನ್ನ ಕೊರಳಿಗೆ ಹಾಕ್ಕೊಂಡು ಬಾ. ಅದನ್ನ ಹಾಕ್ಕೊಂಡು, ನನ್ನ ಮುಖ ನೋಡಿ, ನಿಮ್ಮದನ್ನ ತೆಗೀರಿ ಅಂತ ಹೇಳು. ಅಷ್ಟು ಹೇಳಿದ್ರೆ ಸಾಕು, ಮತ್ತೆ ಈ ಕಡೆ ತಲೆ ಹಾಕಲ್ಲ.’

ಕ್ಯಾಬು ಬೇಡವೆಂದು ಹೇಳಿ ಆಟೋ ಹಿಡಿದರು. ದಾರಿಯುದ್ದಕ್ಕೂ ಅವರ ಕೈ ನನ್ನ ಕೈಯಲ್ಲಿತ್ತು, ತಣ್ಣಗಿತ್ತು. ನಾಳೆ ಅವನು ಬಂದುಬಿಟ್ಟರೆ ಎಂದು ಕೇಳಿದೆ. ಬಂದರೆ ಹೋಯಿತು ಎಂದರು. ಹೋಯಿತು ಎಂದರೆ ಏನು ಹೋಯಿತೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಗುರುವಾರ ಆರು ಗಂಟೆ ಇಪ್ಪತ್ತೆಂಟು ನಿಮಿಷಕ್ಕೆ ನಾವು ಗೇಟಿನ ಮುಂದೆ ಇದ್ದೆವು. ಒಳಗೆ ಸುಮನ್‌ನ ಕಾರು ನಿಂತಿತ್ತು, ಆಫೀಸಿನ ಕಿಟಕಿ ತೆರೆದಿತ್ತು. ಕಿಟಕಿಯ ಹಿಂದೆ ಯಾರೋ ಇದ್ದರು, ಲಿನನ್ ಅಂಗಿ ಕಂಡಿತು, ಸರಿದು ಹೋಯಿತು. ಆರೂವರೆ ಆಯಿತು. ಚಿಕ್ಕಬೈರಪ್ಪ ಗೇಟಿನ ಚಿಲಕದ ಮೇಲೆ ಕೈಯಿಟ್ಟು ನಮ್ಮನ್ನೂ ಆಫೀಸನ್ನೂ ನೋಡುತ್ತಿದ್ದ. ನಾನು ಬಿ.ಪಿ. ಮಾತ್ರೆ ಬೇರೆ ಮರೆತು ಬಂದಿದ್ದೆ. ಇನ್ನೂ ಎರಡು ನಿಮಿಷ ಜಯದೇವಿ ನೆಟ್ಟಗೆ ನಿಂತರು. ಆಮೇಲೆ, ಜನ ಕಾಯ್ತಿದಾರೆ ಬನ್ನಿ ಮಿಸ್ ಎಂದು, ಗೇಟು ತಳ್ಳಿಕೊಂಡು ಒಳಗೆ ನಡೆದರು.

ಶುಕ್ರವಾರ, ಶನಿವಾರ, ಭಾನುವಾರವೂ ಹಾಗೇ ಆಯಿತು. ಮುಂದಿನ ತಿಂಗಳ ಶಿಬಿರಕ್ಕೂ ಹೋದರು, ಅದರ ಮುಂದಿನದಕ್ಕೂ ಹೋದರು. ಬಾಗಿಲ ಮೇಲೆ ಅವರ ಹೆಸರಿನ ಬೋರ್ಡನ್ನು ಅವನು ಹಾಕಿಸಿಲ್ಲ, ಬೇರೆ ಹೆಸರಿನದನ್ನೂ ಹಾಕಿಸಿಲ್ಲ. ಗೆಸ್ಟುಗಳೇ ಜಯದೇವಿ ಕ್ಲಾಸ್ ಎಲ್ಲಿ ಎಂದು ಕೇಳಿಕೊಂಡು ಬರುತ್ತಾರೆ. ಶಿಬಿರದ ಪ್ರತಿ ದಿನವೂ ಟೆರೇಸಿನ ಕ್ಲಾಸಿಗೆ ರಜೆ ಕೊಟ್ಟು, ಜಯದೇವಿ ಎರಡು ನಿಮಿಷ ಮುಂಚೆ ಬಂದು ಗೇಟಿನ ಹೊರಗೆ ನಿಲ್ಲುತ್ತಾರೆ, ಆರೂವರೆಯಾದ ಮೇಲೆ ಇನ್ನೆರಡು ನಿಮಿಷ ಕಾಯುತ್ತಾರೆ. ಕೊಟ್ಟ ಮಾತು ಕೊಟ್ಟದ್ದೇ, ಅವನು ಬಂದು ಹೇಳಲಿ ಎನ್ನುತ್ತಾರೆ. ಇದು ಏಳನೇ ತಿಂಗಳು. ಅವನಿನ್ನೂ ಗೇಟಿಗೆ ಬಂದಿಲ್ಲ.